ಮಾರ್ಕಯನ್‌ಕೋಟ್ಟೈ: ಕಂಬಂ ಕಣಿವೆಯಲ್ಲಿ ಕೇಳಿದ ಕನ್ನಡ

ನಮ್ಮ ಉಪ್ಪನ ಜಿನಸು ಅಂಗಡಿಯಲ್ಲಿ ಏಲಕ್ಕಿ ಇಡುವ ಗಾಜಿನ ಭರಣಿಯೊಂದಿತ್ತು. ಅದರ ಮುಚ್ಚಳ ತೆಗೆಯುವ ಅಧಿಕಾರ ಉಪ್ಪನಿಗೆ ಮಾತ್ರ. ಏಲಕ್ಕಿ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ "ಬೋಡಿಯಿಂದ" ಎನ್ನುತ್ತಿದ್ದರು. ಬೋಡಿ ಎಂದರೆ ಯಾವ ದಿಕ್ಕಿಗೆ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಅಕ್ಕಿ ಗಿರಣಿಯ ಯಂತ್ರಗಳನ್ನು ಕೂರಿಸುವ, ರಿಪೇರಿ ಮಾಡುವ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಆ ಕಡೆ ಹೋಗುವ ಅವಕಾಶ ಬಂತು. ಬೋಡಿ ಎಂದರೆ ಬೋಡಿನಾಯಕನೂರು. ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ, ಪಶ್ಚಿಮ ಘಟ್ಟದ ಬುಡದಲ್ಲಿದೆ. ಘಟ್ಟದ ಮೇಲೆ ಇಡುಕ್ಕಿಯಲ್ಲಿ ಬೆಳೆಯುವ ಏಲಕ್ಕಿ ಕೆಳಗಿಳಿದು ಅಲ್ಲಿ ಹರಾಜಾಗುತ್ತದೆ.

ಆದರೆ ನನ್ನ ಕೆಲಸ ಇದ್ದದ್ದು ಬೋಡಿಯಲ್ಲಲ್ಲ, ಅದೇ ಜಿಲ್ಲೆಯ ಚಿನ್ನಮನೂರಿನ ಕಡೆ. ಹದಿನೈದು ದಿನ ಅಲ್ಲಿದ್ದೆ. ಚಿನ್ನಮನೂರಿನ ಹತ್ತಿರದ ಸಣ್ಣ ಊರು ಮಾರ್ಕಯನ್‌ಕೋಟ್ಟೈ. ಈ ಬರಹ ಆ ಊರಿನ ನೆಲ, ನೀರು ಮತ್ತು ಆ ಕಣಿವೆಯ ಜನರ ಬಗ್ಗೆ. ನಮಗೂ ಅದಕ್ಕೂ ಏನು ಸಂಬಂಧ ಎಂದು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡು ಹೋಗಿದ್ದೆ.

ದಾರಿ ಮತ್ತು ಜಾಗ

ಪಾಲಕ್ಕಾಡಿನಲ್ಲಿ ರೈಲು ಇಳಿದು, ಪೊಳ್ಳಾಚಿ, ಪಳನಿ ದಾಟಿ ಬಸ್ಸಿನಲ್ಲಿ ತೇನಿಗೆ ಬಂದೆ. ಅಲ್ಲಿಂದ ಕುಮಳಿಗೆ ಹೋಗುವ ಹೆದ್ದಾರಿಯಲ್ಲಿ ವೀರಪಾಂಡಿ, ಚಿನ್ನಮನೂರು, ಉತ್ತಮಪಾಳ್ಯಂ, ಕಂಬಂ, ಗೂಡಲೂರು ಎಂದು ಊರುಗಳು ಸಾಲಾಗಿ ಸಿಗುತ್ತವೆ. ಇದಕ್ಕೆ ಕಂಬಂ ಕಣಿವೆ ಎಂದು ಹೆಸರು. ಪಶ್ಚಿಮಕ್ಕೆ ಏಲಕ್ಕಿ ಬೆಟ್ಟಗಳು, ಪೂರ್ವಕ್ಕೆ ಮೇಘಮಲೆ ಮತ್ತು ವರುಸನಾಡು ಬೆಟ್ಟಗಳು. ಎರಡು ಗೋಡೆಗಳ ನಡುವಿನ ಉದ್ದ ಓಣಿಯ ಹಾಗೆ ಈ ಜಾಗ. ಓಣಿಯ ತಲೆಯಲ್ಲಿ ಕೇರಳದ ಗಡಿ, ಬಾಯಲ್ಲಿ ತೇನಿ ಪೇಟೆ. ಹಿಂದೆ ಇದೆಲ್ಲ ಮಧುರೈ ಜಿಲ್ಲೆಗೆ ಸೇರಿತ್ತು. 1990ರ ದಶಕದಲ್ಲಿ ತೇನಿ ಬೇರೆ ಜಿಲ್ಲೆಯಾಯಿತು. 2011ರ ಜನಗಣತಿಯಂತೆ ಇಡೀ ಜಿಲ್ಲೆಯ ಜನಸಂಖ್ಯೆ ಹನ್ನೆರಡೂವರೆ ಲಕ್ಷದಷ್ಟು. ನಮ್ಮ ದಕ್ಷಿಣ ಕನ್ನಡದಲ್ಲಿ ಅದೇ ವರ್ಷ ಸುಮಾರು 20.9 ಲಕ್ಷ.

ಮಾರ್ಕಯನ್‌ಕೋಟ್ಟೈ ಸರಕಾರದ ಲೆಕ್ಕದಲ್ಲಿ ಹಳ್ಳಿಯಲ್ಲ, 'ಪೇರೂರಾಟ್ಚಿ', ಅಂದರೆ ಪಟ್ಟಣ ಪಂಚಾಯತ್. ಆದರೆ ಬಸ್ಸಿನಿಂದ ಇಳಿದು ನೋಡಿದರೆ ಸುತ್ತ ಗದ್ದೆ, ತೆಂಗು, ಬಾಳೆ. ಪಕ್ಕದ ಕುಚ್ಚನೂರಿನಲ್ಲಿ ಶನೀಶ್ವರನ ದೇವಸ್ಥಾನವಿದೆ. ಶನಿವಾರ ಆ ಕಡೆಯ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ.

ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮನೆಗಳು. ನಮ್ಮಲ್ಲಿ ಮನೆ ಎಂದರೆ ಒಂದು ತೋಟ, ಒಂದು ಬಾವಿ, ಸುತ್ತ ಒಂದು ಕಂಪೌಂಡು. ಪಕ್ಕದ ಮನೆಗೆ ಹೋಗಬೇಕಾದರೆ ಗುಡ್ಡ ಹತ್ತಬೇಕು ಅಥವಾ ಗದ್ದೆಯ ಕಟ್ಟಪುಣಿಯಲ್ಲಿ ನಡೆಯಬೇಕು. ಅಲ್ಲಿ ಹಾಗಲ್ಲ. ಮನೆಗಳೆಲ್ಲ ಒಂದೇ ಕಡೆ, ಗೋಡೆಗೆ ಗೋಡೆ ತಾಗಿಕೊಂಡು ನಿಂತಿವೆ. ಊರು ಮುಗಿಯಿತು ಎಂದರೆ ಮುಗಿಯಿತು, ಅಲ್ಲಿಂದಾಚೆ ಬರೀ ಗದ್ದೆ. ಕಾರಣ ನೀರು. ನಮ್ಮಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಹತ್ತಿರ ಮಳೆ ಸುರಿಯುತ್ತದೆ. ಎಲ್ಲಿ ಅಗೆದರೂ ನೀರು ಸಿಗುತ್ತದೆ, ಎಲ್ಲಿ ಬೇಕಾದರೂ ಮನೆ ಕಟ್ಟಬಹುದು. ಅಲ್ಲಿ ಬೀಳುವುದು ಅದರ ಐದನೇ ಒಂದು ಪಾಲು, ಸುಮಾರು 800 ಮಿಲಿಮೀಟರ್. ಮುಂಗಾರು ಮೋಡ ಘಟ್ಟದ ಆಚೆ ಬದಿಯಲ್ಲಿಯೇ ಬರಿದಾಗಿ ಬರುತ್ತದೆ. ನೀರು ಹರಿಯುವ ನೆಲ ಅಳೆದು ತೂಗಿದಷ್ಟೇ ಇರುವಾಗ ಅದರ ಮೇಲೆ ಯಾರೂ ಮನೆ ಕಟ್ಟುವುದಿಲ್ಲ. ನಮ್ಮ ಊರುಗಳು ಚೆಲ್ಲಿಕೊಂಡಿವೆ, ಅವರ ಊರುಗಳು ಮುಷ್ಟಿ ಕಟ್ಟಿಕೊಂಡಿವೆ. ಎರಡನ್ನೂ ಹಾಗೆ ಮಾಡಿದ್ದು ಮಳೆ.

ಹೆಸರಿನ ಬಗ್ಗೆ ಒಂದು ಎಚ್ಚರಿಕೆ

'ಮಾರ್ಕಯನ್‌ಕೋಟ್ಟೈ' ಎಂಬ ಬೋರ್ಡು ಓದಿದಾಗ ನನ್ನ ಮನಸ್ಸು ಸೀದಾ ಮರಕ್ಕಾರರ ಕಡೆ ಓಡಿತು. ಕುಂಞಾಲಿ ಮರಕ್ಕಾರರ ಕಥೆ ಕೇಳಿ ಬೆಳೆದವರಿಗೆ ಇದು ಸಹಜ. ತಮಿಳುನಾಡಿನ ಕರಾವಳಿಯ ಮುಸ್ಲಿಮ್ ವ್ಯಾಪಾರಿಗಳಿಗೆ ಮರಕ್ಕಾಯರ್ ಎಂಬ ಹೆಸರಿದೆ. ರಾತ್ರಿ ಉಪ್ಪನಿಗೆ ಫೋನು ಮಾಡಿ "ಇಲ್ಲೊಂದು ಊರಿಗೆ ನಮ್ಮವರ ಹೆಸರಿದೆ" ಎಂದೂ ಹೇಳಿಬಿಟ್ಟೆ.

ಮರುದಿನ ಯೋಚಿಸಿದಾಗ ನಾಚಿಕೆಯಾಯಿತು. ಎರಡು ಹೆಸರು ಕಿವಿಗೆ ಒಂದೇ ಥರ ಕೇಳಿದರೆ ಅದು ಇತಿಹಾಸವಾಗುವುದಿಲ್ಲ. ಮರಕ್ಕಾಯರು ಸಮುದ್ರದ ಜನ, ಈ ಊರು ಸಮುದ್ರದಿಂದ ದೂರ, ಬೆಟ್ಟಗಳ ನಡುವೆ ಇದೆ. ಶಾಸನವೋ ದಾಖಲೆಯೋ ಕೈಗೆ ಸಿಗುವವರೆಗೆ ಇಂಥ ಸಂಬಂಧ ಕಟ್ಟಬಾರದು. ನಮ್ಮ ಸಮುದಾಯದ ವಾಟ್ಸಾಪ್ ಗುಂಪುಗಳಲ್ಲಿ ಹೀಗೆ ಕಿವಿಯಿಂದ ಕಟ್ಟಿದ ಇತಿಹಾಸ ಬಹಳ ಓಡಾಡುತ್ತದೆ. ನಾನೂ ಫಾರ್ವರ್ಡ್ ಮಾಡಿದವನೇ.

ಹೆಸರಿನ ಕೊನೆಯ ಭಾಗದ ಬಗ್ಗೆ ಮಾತ್ರ ಅನುಮಾನವಿಲ್ಲ. ತಮಿಳಿನ 'ಕೋಟ್ಟೈ' ನಮ್ಮ 'ಕೋಟೆ'. ತಮಿಳಿನಲ್ಲಿ 'ಐ' ಎಂದು ಮುಗಿಯುವ ಎಷ್ಟೋ ಪದಗಳು ಕನ್ನಡದಲ್ಲಿ 'ಎ' ಎಂದು ಮುಗಿಯುತ್ತವೆ: ತಲೈ–ತಲೆ, ಮನೈ–ಮನೆ, ಮಲೈ–ಮಲೆ. ಇದು ಒಂದೆರಡು ಪದಗಳ ಆಕಸ್ಮಿಕವಲ್ಲ, ನಿಯಮದ ಹಾಗೆ ಸಾಲುಸಾಲಾಗಿ ಸಿಗುತ್ತದೆ. ಕಿವಿಗೆ ಕೇಳಿದ ಹೋಲಿಕೆಗೂ ನಿಯಮಕ್ಕೂ ಇರುವ ವ್ಯತ್ಯಾಸ ಇದೇ.

ಆ ಕಣಿವೆಯ ಊರ ಹೆಸರುಗಳೇ ಅರ್ಧ ಇತಿಹಾಸ ಹೇಳುತ್ತವೆ. ಬೋಡಿನಾಯಕನೂರು, ಎರಸಕ್ಕನಾಯಕನೂರು, ಗಂಡಮನಾಯಕನೂರು ಎಂಬಲ್ಲಿ 'ನಾಯಕ' ಇದ್ದಾನೆ. ಇವು ವಿಜಯನಗರ ಮತ್ತು ಮಧುರೈ ನಾಯಕರ ಕಾಲದ ಪಾಳೆಯಗಾರರ ನೆನಪು. ವಿಶ್ವನಾಥ ನಾಯಕ ಮಧುರೈಯಲ್ಲಿ ಅಧಿಕಾರ ಹಿಡಿದದ್ದು 1529ರಲ್ಲಿ. ನಾಡನ್ನು 72 ಪಾಳೆಯಗಳಾಗಿ ಹಂಚಿದ ಎಂದು ಹೇಳುತ್ತಾರೆ. ಅದಕ್ಕಿಂತ ಹಿಂದಕ್ಕೆ ಹೋಗಬೇಕಾದರೆ ಚಿನ್ನಮನೂರಿಗೇ ಬರಬೇಕು. ಅಲ್ಲಿ ಸಿಕ್ಕಿದ ಪಾಂಡ್ಯರ ತಾಮ್ರಶಾಸನಗಳು ತಮಿಳು ಇತಿಹಾಸದಲ್ಲಿ ಬಹಳ ಹೆಸರಾದವು. ದೊಡ್ಡ ಶಾಸನ ಹತ್ತನೇ ಶತಮಾನದ ಆರಂಭದ ರಾಜಸಿಂಹ ಎಂಬ ಪಾಂಡ್ಯ ರಾಜನದು. ಮಹಾಭಾರತವನ್ನು ತಮಿಳಿಗೆ ತಂದದ್ದು, ಮಧುರೈಯಲ್ಲಿ ಸಂಘ ಸ್ಥಾಪಿಸಿದ್ದು ಪಾಂಡ್ಯರ ಸಾಧನೆಗಳೆಂದು ಅದರಲ್ಲಿ ಬರೆದಿದೆ. ಅಂದರೆ ಸಾವಿರ ವರ್ಷದ ಹಿಂದೆಯೇ ಈ ಗದ್ದೆಗಳ ನಡುವೆ ಊರಿತ್ತು, ಬರೆಯುವವರಿದ್ದರು.

ನೀರಿನ ಲೆಕ್ಕ

ಈಗ ನನಗೆ ಅತಿ ಇಷ್ಟವಾದ ಭಾಗ. 800 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ವರ್ಷಕ್ಕೆ ಎರಡು ಭತ್ತದ ಬೆಳೆ ಹೇಗೆ ಬರುತ್ತದೆ? ಬರದಿದ್ದರೆ ಅಲ್ಲಿ ಇಷ್ಟು ಅಕ್ಕಿ ಗಿರಣಿಗಳೂ ಇರುತ್ತಿರಲಿಲ್ಲ, ನಾನೂ ಹೋಗುತ್ತಿರಲಿಲ್ಲ.

ಉತ್ತರ ಬೆಟ್ಟದ ಆಚೆ ಇದೆ. ಪೆರಿಯಾರ್ ನದಿ ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರ ಸೇರುವ ನದಿ. ಅದನ್ನು ತಿರುಗಿಸಿ ಪೂರ್ವಕ್ಕೆ, ಒಣ ಮಧುರೈ ಕಡೆಗೆ ಹರಿಸಬೇಕೆಂಬ ಆಸೆ ಹಳೆಯದು. 1876–78ರ ದೊಡ್ಡ ಬರಗಾಲದ ನಂತರ ಮದ್ರಾಸ್ ಸರಕಾರಕ್ಕೆ ಬೇರೆ ದಾರಿ ಉಳಿಯಲಿಲ್ಲ. 1886ರ ಅಕ್ಟೋಬರ್ 29ರಂದು ತಿರುವಾಂಕೂರು ಸಂಸ್ಥಾನದೊಂದಿಗೆ ಒಪ್ಪಂದವಾಯಿತು. 8,000 ಎಕರೆ ಜಾಗ, ಎಕರೆಗೆ ವರ್ಷಕ್ಕೆ 5 ರೂಪಾಯಿಯಂತೆ 40,000 ರೂಪಾಯಿ ಬಾಡಿಗೆ, ಅವಧಿ 999 ವರ್ಷ. ಅಂಗಡಿ ಕೋಣೆಗೆ ಹನ್ನೊಂದು ತಿಂಗಳ ಅಗ್ರಿಮೆಂಟು ಮಾಡಿಸಿಕೊಂಡು ನಡೆದ ನಮ್ಮ ಉಪ್ಪನಿಗೆ ಇದನ್ನು ಹೇಳಿದಾಗ ಅವರು ನಕ್ಕದ್ದು ಇನ್ನೂ ನೆನಪಿದೆ.

ಜಾನ್ ಪೆನ್ನಿಕ್ವಿಕ್ ಎಂಬ ಇಂಜಿನಿಯರನ ಉಸ್ತುವಾರಿಯಲ್ಲಿ ಸುಣ್ಣ ಮತ್ತು ಸುರ್ಕಿಯ ಗಾರೆಯಿಂದ ಅಣೆಕಟ್ಟು ಕಟ್ಟಿದರು. ಸುರ್ಕಿ ಎಂದರೆ ಸುಟ್ಟ ಇಟ್ಟಿಗೆಯ ಪುಡಿ. 1895ರ ಅಕ್ಟೋಬರಿನಲ್ಲಿ ನೀರು ಬಿಟ್ಟರು. ಇದೇ ಮುಲ್ಲಪೆರಿಯಾರ್ ಅಣೆಕಟ್ಟು. ಉಳಿದ ಅಣೆಕಟ್ಟುಗಳಲ್ಲಿ ನೀರು ಕಟ್ಟೆಯ ಕೆಳಗಿನಿಂದ ಹೋಗುತ್ತದೆ. ಇಲ್ಲಿ ತಮಿಳುನಾಡಿನ ನೀರು ಕಟ್ಟೆಯ ಕಡೆಯಿಂದ ಹೋಗುವುದೇ ಇಲ್ಲ. ಜಲಾಶಯದ ಇನ್ನೊಂದು ತುದಿಯಲ್ಲಿ, ತೇಕ್ಕಡಿಯಲ್ಲಿ, ಬೆಟ್ಟಕ್ಕೆ ಸುರಂಗ ಕೊರೆದಿದ್ದಾರೆ. ಉದ್ದ ಸುಮಾರು ಒಂದೂಮುಕ್ಕಾಲು ಕಿಲೋಮೀಟರ್. ಸುರಂಗದ ಈಚೆ ಬಾಯಿಯಿಂದ ನೀರು ಸಾವಿರ ಅಡಿಗೂ ಹೆಚ್ಚು ಕೆಳಗಿಳಿಯುತ್ತದೆ. ಮೊದಲು ಸುಮ್ಮನೆ ಧುಮುಕುತ್ತಿತ್ತು. 1950ರ ದಶಕದ ಕೊನೆಯಲ್ಲಿ ಅದೇ ಇಳಿಜಾರಿಗೆ ಪೈಪು ಹಾಕಿ ಕೆಳಗೆ ಲೋವರ್ ಕ್ಯಾಂಪಿನಲ್ಲಿ ವಿದ್ಯುತ್ ಘಟಕ ಮಾಡಿದರು. ಟರ್ಬೈನ್ ತಿರುಗಿಸಿದ ನೀರು ವೈರವನಾರ್ ಹಳ್ಳಕ್ಕೆ, ಅಲ್ಲಿಂದ ಸುರುಳಿಯಾರಿಗೆ ಸೇರಿ, ಕಂಬಂ, ಉತ್ತಮಪಾಳ್ಯಂ, ಚಿನ್ನಮನೂರು ದಾಟಿ ವೈಗೈ ನದಿಗೆ ಹೋಗುತ್ತದೆ. ದಾರಿಯಲ್ಲಿ ಸಣ್ಣ ಸಣ್ಣ ಕಟ್ಟಗಳಿಂದ ಕಾಲುವೆಗಳು ಕವಲೊಡೆದು ಗದ್ದೆಗೆ ಹೋಗುತ್ತವೆ. ಕಂಬಂ ಕಣಿವೆಯಲ್ಲಿ ಹೀಗೆ ನೀರುಣ್ಣುವ ಎರಡು ಬೆಳೆಯ ಗದ್ದೆ 14,707 ಎಕರೆ. ಈ ಸಂಖ್ಯೆಯನ್ನು ಅಲ್ಲಿನ ರೈತರು ಬಾಯಿಪಾಠ ಹೇಳುತ್ತಾರೆ. ಜೂನ್ ಆರಂಭಕ್ಕೆ ನೀರು ಬಿಡುವುದು ವಾಡಿಕೆ.

ಚಾದ ಅಂಗಡಿಯಲ್ಲಿ ಬೆಳಿಗ್ಗೆ ಪೇಪರು ಬಂದ ಕೂಡಲೇ ಗಂಡಸರು ಮೊದಲು ನೋಡುವುದು ಮುಲ್ಲಪೆರಿಯಾರ್ ಎಷ್ಟು ಅಡಿ ಎಂದು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು 142 ಅಡಿವರೆಗೆ ನೀರು ನಿಲ್ಲಿಸಬಹುದು ಎಂದು ತೀರ್ಪು ಕೊಟ್ಟಿತು. ಕೇರಳದವರಿಗೆ ಅದು ತಲೆಯ ಮೇಲಿನ ಭಯ, ಇವರಿಗೆ ಅದು ಊಟದ ತಟ್ಟೆ. ಎರಡು ಕಡೆಯವರ ಮಾತೂ ಸುಳ್ಳಲ್ಲ. ಪೆನ್ನಿಕ್ವಿಕ್‌ನ ಫೋಟೋ ಅಂಗಡಿಗಳಲ್ಲಿ, ಮನೆಗಳಲ್ಲಿ ಇದೆ. ಅವನ ಹುಟ್ಟಿದ ದಿನ ಜನವರಿ 15, ಪೊಂಗಲ್ ಹೊತ್ತಿಗೇ ಬರುತ್ತದೆ. ಆ ದಿನ ಅವನ ಹೆಸರಿನಲ್ಲಿ ಪೊಂಗಲ್ ಇಡುತ್ತಾರೆ. ಒಬ್ಬ ಇಂಜಿನಿಯರನನ್ನು ಒಂದು ಜಿಲ್ಲೆಯ ಜನ ಇಷ್ಟು ನೆನೆಯುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಯಾರೆಲ್ಲ ಇದ್ದಾರೆ

ನೀರು ಬಂದಲ್ಲಿಗೆ ಜನ ಬರುತ್ತಾರೆ. ಆದರೆ ಕಂಬಂ ಕಣಿವೆಗೆ ಜನ ಅಣೆಕಟ್ಟಿಗಿಂತ ಎಷ್ಟೋ ಮೊದಲೇ, ಬೇರೆ ಬೇರೆ ಕಾಲದಲ್ಲಿ ಬಂದು ನೆಲೆಸಿದ್ದಾರೆ. ತಮಿಳು ಆಡುವವರು ಬಹುಪಾಲು. ನಾಯಕರ ಕಾಲದ ನೆನಪಾಗಿ ತೆಲುಗು ಆಡುವವರು ಇದ್ದಾರೆ. ಉತ್ತಮಪಾಳ್ಯಂ ಮತ್ತು ಕಂಬಂನಲ್ಲಿ ಮುಸ್ಲಿಮರು ಸಾಕಷ್ಟಿದ್ದಾರೆ. ಅವರು ಹೆಚ್ಚಾಗಿ ರಾವುತ್ತರ್.

ರಾವುತ್ತರ ಬಗ್ಗೆ ನಮ್ಮವರು ತಿಳಿಯಬೇಕು. ರಾವುತ್ತ ಎಂದರೆ ಕುದುರೆ ಸವಾರ. ಕನ್ನಡದಲ್ಲಿಯೂ ಇದೇ ಪದ ಇದೆ. ತಮಿಳು ನಾಡಿನ ಒಳಭಾಗದಲ್ಲಿ ಕುದುರೆ ವ್ಯಾಪಾರ, ಕುದುರೆ ಸೈನ್ಯದ ಮೂಲಕ ಹೆಸರು ಪಡೆದ ಸಮುದಾಯ ಅದು. ನಮ್ಮ ಹೆಸರು ತುಳುವಿನ 'ಬ್ಯಾರ', ಅಂದರೆ ವ್ಯಾಪಾರದಿಂದ ಬಂತು ಎಂದು ಹೆಚ್ಚಿನವರು ಹೇಳುತ್ತಾರೆ. ಎರಡೂ ಕಡೆ ಜನರನ್ನು ಕರೆದದ್ದು ಮಾಡುವ ಕೆಲಸದಿಂದ. ಅವರ ಮನೆಮಾತು ತಮಿಳು. ತಂದೆಯನ್ನು 'ಅತ್ತಾ' ಎನ್ನುತ್ತಾರೆ. ಮಸೀದಿ ಅವರಿಗೆ 'ಪಳ್ಳಿವಾಸಲ್'. ನಮಗೂ 'ಪಳ್ಳಿ'ಯೇ ತಾನೆ? ಉತ್ತಮಪಾಳ್ಯಂನಲ್ಲಿ 1956ರಿಂದ ಹಾಜಿ ಕರುತ್ತ ರಾವುತ್ತರ್ ಹೌದಿಯಾ ಕಾಲೇಜು ನಡೆಯುತ್ತಿದೆ. ಎಲ್ಲ ಜಾತಿಯ ಮಕ್ಕಳೂ ಅಲ್ಲಿ ಓದುತ್ತಾರೆ. ಶುಕ್ರವಾರ ಜುಮುಅ ಮುಗಿಸಿ ಹೊರಗೆ ಬರುವಾಗ ಒಬ್ಬರು ಹಿರಿಯರು ನನ್ನನ್ನು ಊಟಕ್ಕೆ ಕರೆದೊಯ್ದರು. ನಾನು ಬ್ಯಾರಿ ಎಂದರೆ ಅವರಿಗೆ ಅರ್ಥವಾಗಲಿಲ್ಲ. "ಮಂಗಳೂರು ಬಾಯ್" ಎಂದು ನನಗೆ ಹೆಸರಿಟ್ಟರು. ತಮಿಳುನಾಡಿನಲ್ಲಿ ಮುಸ್ಲಿಮರೆಲ್ಲ ಬಾಯ್.

ನನ್ನನ್ನು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಗಿರಣಿಯ ಎದುರಿನ ಚಾದ ಅಂಗಡಿಯಲ್ಲಿ ಇಬ್ಬರು ಮುದುಕರು ತಮ್ಮತಮ್ಮೊಳಗೆ ಮಾತಾಡುತ್ತಿದ್ದರು. ತಮಿಳು ಎಂದುಕೊಂಡು ನಾನು ಕಿವಿ ಕೊಟ್ಟಿರಲಿಲ್ಲ. ನಡುವೆ 'ಮನೆ' ಎಂದರು. ತಮಿಳಾಗಿದ್ದರೆ 'ವೀಡು' ಎನ್ನಬೇಕಿತ್ತು. ಸ್ವಲ್ಪ ಹೊತ್ತಿನಲ್ಲಿ 'ನೀರು' ಎಂದರು, 'ತಣ್ಣಿ' ಎನ್ನಲಿಲ್ಲ. ನಾನು ಗ್ಲಾಸು ಕೆಳಗಿಟ್ಟು "ನೀವು ಕನ್ನಡದವರಾ?" ಎಂದು ಕೇಳಿಯೇ ಬಿಟ್ಟೆ. ಇಬ್ಬರೂ ನನ್ನನ್ನು ನೋಡಿದರು. ಒಬ್ಬರು ಹೇಳಿದ್ದರ ತಾತ್ಪರ್ಯ ಇಷ್ಟು: ನಾವು ಇಲ್ಲಿಯವರೇ, ಮನೆಯಲ್ಲಿ ಆಡುವುದು ಕನ್ನಡ, ಓದಲು ಬರೆಯಲು ಗೊತ್ತಿರುವುದು ತಮಿಳು ಮಾತ್ರ.

ಅವರು ಕಂಬಂ ಕಡೆಯ ಕಪ್ಪಿಲಿಯರು. ತಮಿಳುನಾಡು ಸರಕಾರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಒಕ್ಕಲಿಗರ್, ಕಪ್ಪಿಲಿಯರ್, ಒಕ್ಕಲಿಗ ಗೌಡ ಎಂಬ ಹೆಸರುಗಳು ಒಟ್ಟಿಗೇ ಇವೆ. ಕೃಷಿಕರು. ಮಧುರೈ ಸೀಮೆಯಲ್ಲಿ ಅನುಪ್ಪರು ಎಂಬ ಇನ್ನೊಂದು ಕನ್ನಡ ಕೃಷಿಕ ಸಮುದಾಯವೂ ಇದೆ. 2011ರ ಜನಗಣತಿಯಂತೆ ಇಡೀ ತಮಿಳುನಾಡಿನಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 12.8 ಲಕ್ಷ, ಅಂದರೆ ನೂರಕ್ಕೆ 1.78. ಕೃಷ್ಣಗಿರಿ, ಈರೋಡು, ಕೊಯಮತ್ತೂರಿನ ಕನ್ನಡಿಗರ ಬಗ್ಗೆ ನಾವು ಕೇಳಿದ್ದೇವೆ. ಕರ್ನಾಟಕದ ಗಡಿಯಿಂದ ಇಷ್ಟು ದೂರ, ಕೇರಳದ ಬೆಟ್ಟದ ಬುಡದಲ್ಲಿ ಕನ್ನಡ ಇದೆ ಎಂದು ಯಾರೂ ಶಾಲೆಯಲ್ಲಿ ಹೇಳಿಕೊಟ್ಟಿರಲಿಲ್ಲ.

ದೇವರ ಆವು

ಕಪ್ಪಿಲಿಯರ ಬಗ್ಗೆ ಬರವಣಿಗೆ ಇದೆ. ಡಬ್ಲ್ಯು. ಫ್ರಾನ್ಸಿಸ್ 1906ರಲ್ಲಿ ಬರೆದ ಮಧುರೈ ಗೆಜೆಟಿಯರಿನಲ್ಲಿ, 1909ರಲ್ಲಿ ಬಂದ ಎಡ್ಗರ್ ಥರ್ಸ್ಟನ್‌ನ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ಇವರ ಪ್ರಸ್ತಾಪ ಬರುತ್ತದೆ. ಅವುಗಳಲ್ಲಿ ಬಹಳ ಮುಖ್ಯವಾದ ಸಂಗತಿ ಕಂಬಂನ ಪವಿತ್ರ ದನಗಳ ಹಿಂಡು. ತಮಿಳಿನಲ್ಲಿ ಅದಕ್ಕೆ 'ತಂಬಿರಾನ್ ಮಾಡು' ಎಂದು ಹೆಸರು, ಕಪ್ಪಿಲಿಯರ ಕನ್ನಡದಲ್ಲಿ 'ದೇವರು ಆವು'. ತಾವು ಉತ್ತರದಿಂದ ಬರುವಾಗ ಜೊತೆಯಲ್ಲಿ ತಂದ ದನಗಳ ಸಂತತಿ ಎಂಬುದು ಅವರ ನಂಬಿಕೆ. ಹಿಂಡಿಗೊಂದು ರಾಜ ಹೋರಿ ಇರುತ್ತದೆ, ಅದು 'ಪಟ್ಟದ ಆವು'. ಅದು ಸತ್ತರೆ ಹೊಸದನ್ನು ಆರಿಸುವ ಕ್ರಮ ಚಂದವಿದೆ. ಒಳ್ಳೆಯ ದಿನ ನೋಡಿ ಹಿಂಡಿನ ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ. ಯಾವ ಹೋರಿ ತಾನಾಗಿ ಬಂದು ಮೊದಲು ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ. ಕಂಬಂನ ನಂದಗೋಪಾಲನ ತೊಳುವಿನಲ್ಲಿ ಈ ಹಿಂಡು ಇಂದಿಗೂ ಇದೆ. ಮಾಟ್ಟುಪೊಂಗಲ್ ದಿನ ಅಲ್ಲಿ ಜನಸಾಗರ.

ನಾನು ಹಿಡಿದುಕೊಂಡದ್ದು 'ಆವು' ಎಂಬ ಪದವನ್ನು. ಇಂದು ಕರ್ನಾಟಕದ ಪೇಟೆಯಲ್ಲಿ ಯಾರೂ ದನವನ್ನು ಆವು ಎನ್ನುವುದಿಲ್ಲ. ಹಸು, ಆಕಳು, ದನ ಎನ್ನುತ್ತಾರೆ. ಆವು ಹಳಗನ್ನಡದ ಪದ, ನಿಘಂಟಿನಲ್ಲಿ ಹುಡುಕಬೇಕು. ಕನ್ನಡ ನಾಡಿನಲ್ಲಿ ಆಡುಮಾತಿನಿಂದ ಮರೆಯಾದ ಪದ ಕನ್ನಡ ಶಾಲೆಯಿಲ್ಲದ, ಕನ್ನಡ ಪತ್ರಿಕೆ ಬರದ ಒಂದು ಕಣಿವೆಯ ದನದ ತೊಳುವಿನಲ್ಲಿ ಉಳಿಯಿತು. ದೇವರ ಹೆಸರಿನ ಜೊತೆ ಕಟ್ಟಿಹಾಕಿದ್ದರಿಂದ ಉಳಿಯಿತೆಂದು ಕಾಣುತ್ತದೆ. ಮಾತು ಉಳಿಯಲು ಲಿಪಿಯೊಂದೇ ದಾರಿಯಲ್ಲ. ದಿನಾ ಮಾಡುವ ಒಂದು ಕೆಲಸಕ್ಕೆ ಅದು ಬೇಕಾಗಿರಬೇಕು.

ಓಡಿ ಬಂದ ಕಥೆ

ಎರಡನೇ ದಿನ ಅದೇ ಅಜ್ಜನನ್ನು "ನಿಮ್ಮವರು ಇಲ್ಲಿಗೆ ಯಾಕೆ ಬಂದರು?" ಎಂದು ಕೇಳಿದೆ. ಅಷ್ಟರಲ್ಲಿ ಅವರಿಗೆ ನನ್ನ ಹೆಸರು ಗೊತ್ತಾಗಿತ್ತು. 'ತಂಬಿ' ಎನ್ನುತ್ತಿದ್ದವರು 'ಬಾಯ್' ಎನ್ನಲು ಶುರು ಮಾಡಿದ್ದರು. ಅವರು ಸ್ವಲ್ಪ ತಡೆದರು. ಹೇಳಲೋ ಬೇಡವೋ ಎಂಬ ತಡೆ ಅದು. ಆಮೇಲೆ ಹೇಳಿದರು. ತುಂಗಭದ್ರೆಯ ದಡದಲ್ಲಿದ್ದೆವು, ತುರುಕರ ಕಾಟ ತಾಳಲಾಗದೆ ದಕ್ಷಿಣಕ್ಕೆ ಓಡಿ ಬಂದೆವು ಎಂದು.

ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಚಾ ತಣ್ಣಗಾಯಿತು. ಅವರೇ "ಅದು ಆ ಕಾಲದ ರಾಜರ ಮಾತು, ಬಾಯ್" ಎಂದು ಇನ್ನೊಂದು ಚಾ ಹೇಳಿದರು.

ಊರಿಗೆ ಬಂದ ಮೇಲೆ ಓದಿ ನೋಡಿದೆ. ಫ್ರಾನ್ಸಿಸ್, ಥರ್ಸ್ಟನ್ ಇಬ್ಬರೂ ಈ ಕಥೆಯನ್ನು ಬರೆದುಕೊಂಡಿದ್ದಾರೆ. ತೆಲುಗು ಆಡುವ ತೊಟ್ಟಿಯರದೂ ಇದೇ ಕಥೆ. ಅವರ ಕಥೆಯಲ್ಲಿ ಬೆನ್ನಟ್ಟಿ ಬಂದವರಿಂದ ಪಾರಾಗಲು ತುಂಬಿದ ಹೊಳೆಯ ಎರಡು ದಡದ ಹೊಂಗೆ ಮರಗಳು ಬಾಗಿ ಸೇತುವೆಯಾದವು. ಎರಡು ಜನಾಂಗ, ಎರಡು ಭಾಷೆ, ಕಥೆ ಒಂದೇ. ಹಾಗೆಂದು ಇದು ಪೂರಾ ಕಟ್ಟುಕಥೆ ಎನ್ನಲು ನಾನು ತಯಾರಿಲ್ಲ. ಯುದ್ಧದಲ್ಲಿ ಸೈನ್ಯ ಊರು ತುಳಿಯುವಾಗ ಜನ ಓಡುತ್ತಾರೆ, ಸೈನ್ಯ ಯಾರದ್ದೇ ಆಗಿರಲಿ. ಅವರ ಅಜ್ಜಂದಿರ ನೋವನ್ನು ನಾನು ಅಳಿಸಬೇಕಾಗಿಲ್ಲ, ನನ್ನ ತಲೆಗೆ ಕಟ್ಟಿಕೊಳ್ಳಬೇಕಾಗಿಯೂ ಇಲ್ಲ.

ಆದರೆ ಇತಿಹಾಸದ ಉಳಿದ ಪುಟಗಳನ್ನೂ ಜೊತೆಯಲ್ಲಿ ಇಡಬೇಕು. ಮಧುರೈಯಲ್ಲಿ 1335ರಿಂದ 1378ರವರೆಗೆ ಸುಲ್ತಾನರ ಆಳ್ವಿಕೆ ಇತ್ತು. ವಿಜಯನಗರದ ಕುಮಾರ ಕಂಪಣ ಅದನ್ನು ಸೋಲಿಸಿದ. ಆ ಮೇಲೆ ತುಂಗಭದ್ರೆಯಿಂದ ದಕ್ಷಿಣಕ್ಕೆ ದಾರಿ ತೆರೆಯಿತು. ಸೈನಿಕರ ಹಿಂದೆ ಒಕ್ಕಲಿಗರು, ದನಗಾಹಿಗಳು, ನೇಕಾರರು ಹೊಸ ನೆಲ ಹುಡುಕಿಕೊಂಡು ಬಂದರು. ಅಂದರೆ ಗೆದ್ದ ಸೈನ್ಯದ ಹಿಂದೆ ಬಂದವರೂ ಇದ್ದಾರೆ, ಸೋಲಿನಿಂದ ಓಡಿ ಬಂದವರೂ ಇದ್ದಾರೆ. ಇನ್ನೊಂದು ಮಾತು. ಅದೇ ವಿಜಯನಗರದ ಇಮ್ಮಡಿ ದೇವರಾಯ ತನ್ನ ಸೈನ್ಯಕ್ಕೆ ಮುಸ್ಲಿಮ್ ಕುದುರೆ ಸವಾರರನ್ನು ಸೇರಿಸಿಕೊಂಡಿದ್ದ. ರಾಜರ ಜಗಳ ಧರ್ಮದ ಗೆರೆಯ ಮೇಲೆ ಅಷ್ಟು ನೇರವಾಗಿ ನಿಲ್ಲುವುದಿಲ್ಲ. ಇಂದು ಕಂಬಂ ಕಣಿವೆಯಲ್ಲಿ ತುಂಗಭದ್ರೆಯ ಕಥೆ ಹೇಳುವವರೂ ರಾವುತ್ತರೂ ಒಂದೇ ಸುರಂಗದ ನೀರು ಕುಡಿಯುತ್ತಾರೆ, ಅಡಿ ಲೆಕ್ಕ ಕಡಿಮೆಯಾದ ದಿನ ಒಂದೇ ಬೆಂಚಿನಲ್ಲಿ ಕೂತು ಚಿಂತೆ ಮಾಡುತ್ತಾರೆ.

ಇಬ್ನ್ ಬತೂತಾ ಕೊಟ್ಟ ಸಂಖ್ಯೆ

ನಮಗೂ ಈ ತಮಿಳು ಸೀಮೆಗೂ ಹಳೆಯ ಕೊಂಡಿ ಏನಾದರೂ ಇದೆಯೇ ಎಂದು ಹುಡುಕಿದಾಗ ನಮ್ಮ ಮಂಗಳೂರೇ ಸಿಕ್ಕಿತು. ಇಬ್ನ್ ಬತೂತಾ 1342ರ ಸುಮಾರಿಗೆ ನಮ್ಮ ಕರಾವಳಿಯಲ್ಲಿ ಬಂದವರು. ಮಂಜರೂರ್, ಅಂದರೆ ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರು ಪಟ್ಟಣದ ಪಕ್ಕದ ಬಡಾವಣೆಯಲ್ಲಿದ್ದಾರೆ ಎಂದು ಬರೆದರು. ನಮ್ಮವರ ಹಳೆಯತನಕ್ಕೆ ಸಾಕ್ಷಿ ಎಂದು ಈ ಸಾಲನ್ನು ನಾವೆಲ್ಲ ಹೇಳುತ್ತೇವೆ. ಮುಂದಿನ ಸಂಗತಿಯನ್ನು ಅಷ್ಟಾಗಿ ಹೇಳುವುದಿಲ್ಲ. ಪಟ್ಟಣದವರಿಗೂ ಇವರಿಗೂ ಆಗಾಗ ಜಗಳವಾಗುತ್ತಿತ್ತು, ವ್ಯಾಪಾರಿಗಳು ಬೇಕಾದ್ದರಿಂದ ರಾಜ ರಾಜಿ ಮಾಡಿಸುತ್ತಿದ್ದ ಎಂದೂ ಅವರು ಬರೆದಿದ್ದಾರೆ. ಅಲ್ಲಿ ಕಂಡ ಶಾಫಿಈ ಕಾಝಿಯ ಹೆಸರು ಬದ್ರುದ್ದೀನ್ ಮಅಬರಿ. ಮಅಬರ್ ಎಂದರೆ ತಮಿಳು ಸೀಮೆ, ಮಧುರೈ ಸುಲ್ತಾನರ ನಾಡು. ಅಂದರೆ ಸುಮಾರು 680 ವರ್ಷದ ಹಿಂದೆ ಮಂಗಳೂರಿನ ಪಳ್ಳಿಯಲ್ಲಿ ತೀರ್ಪು ಹೇಳುತ್ತಿದ್ದವರು ತಮಿಳು ನಾಡಿನ ಹೆಸರು ಹೊತ್ತವರು. ಇಬ್ನ್ ಬತೂತಾ ಆಮೇಲೆ ಮಧುರೈಗೂ ಹೋದರು. ಕನ್ನಡಿಗರು ಕಂಬಂಗೆ ಹೋದ ಹಾಗೆ ಅಲ್ಲಿಂದಲೂ ಇಲ್ಲಿಗೆ ಜನ ಬಂದಿದ್ದಾರೆ.

ಆ 4,000 ನಮ್ಮ ಊರಿನ ಮುಸ್ಲಿಮರ ಬಗ್ಗೆ ನನಗೆ ಗೊತ್ತಿರುವ ಮೊದಲ ತಲೆ ಎಣಿಕೆ. ಇತ್ತೀಚಿನದು 2011ರದ್ದು. ದಕ್ಷಿಣ ಕನ್ನಡದಲ್ಲಿ ನೂರಕ್ಕೆ 24 ಮಂದಿ ಮುಸ್ಲಿಮರು, ಸುಮಾರು ಐದು ಲಕ್ಷ. ಇವರಲ್ಲಿ ಬಹುಪಾಲು ಬ್ಯಾರಿಗಳು ಎಂದು ನಮಗೆಲ್ಲ ಗೊತ್ತು. ಆದರೆ ಅದೇ ಜನಗಣತಿಯ ಭಾಷೆಗಳ ಪಟ್ಟಿ ತೆರೆದು ನೋಡಿ. ಕನ್ನಡದ ಕೆಳಗೆ ಬಡಗ ಇದೆ, 1,33,550 ಮಂದಿ. ಮಲಯಾಳಂ ಕೆಳಗೆ ಪಣಿಯ, ಯೆರವ ಇವೆ, ಒಂದೊಂದೂ ಮೂವತ್ತು ಸಾವಿರದೊಳಗೆ. ಬ್ಯಾರಿ ಎಂಬ ಹೆಸರು ಇಲ್ಲ. ಇಡೀ ದೇಶದಲ್ಲಿ ಹತ್ತು ಸಾವಿರಕ್ಕಿಂತ ಕಡಿಮೆ ಮಂದಿ ಹೇಳಿದ ಮಾತೃಭಾಷೆಯನ್ನು ಆ ಪಟ್ಟಿಯಲ್ಲಿ ಹೆಸರಿಸುವುದಿಲ್ಲ, 'ಇತರೆ' ಎಂಬಲ್ಲಿ ಸೇರಿಸುತ್ತಾರೆ.

ಇದು ಯಾರ ತಪ್ಪು? ನನ್ನ ಮನೆಯ ಕಥೆ ಹೇಳುತ್ತೇನೆ. 2011ರಲ್ಲಿ ಗಣತಿಯ ಟೀಚರ್ ಬಂದದ್ದು ಮನೆಗಲ್ಲ, ಅಂಗಡಿಗೆ. ಉಪ್ಪ ಗಿರಾಕಿಗೆ ತೆಂಗಿನೆಣ್ಣೆ ಅಳೆಯುತ್ತಿದ್ದರು. "ಮಾತೃಭಾಷೆ?" ಎಂದು ಟೀಚರ್ ಕೇಳಿದರು. ಉಪ್ಪ ತಲೆ ಎತ್ತದೆ "ಕನ್ನಡ" ಎಂದರು. ಅವರ ಲೆಕ್ಕದ ಪುಸ್ತಕ ಕನ್ನಡದಲ್ಲಿತ್ತು, ಬೋರ್ಡು ಕನ್ನಡದಲ್ಲಿತ್ತು, ಗಿರಾಕಿಗಳೊಂದಿಗೆ ಮಾತು ತುಳುವಿನಲ್ಲಿ. ಬ್ಯಾರಿ ಮನೆಯೊಳಗಿನ ಮಾತು, ಅದನ್ನು ಸರಕಾರದ ಕಾಗದದಲ್ಲಿ ಬರೆಸಬಹುದು ಎಂದು ಅವರಿಗೆ ಹೊಳೆಯಲಿಲ್ಲ. ನಾನು ಪಕ್ಕದಲ್ಲಿಯೇ ಅಕ್ಕಿ ಮೂಟೆಯ ಮೇಲೆ ಕೂತಿದ್ದೆ. ಡಿಪ್ಲೊಮಾ ಓದಿದವನು. ನನಗೂ ಹೊಳೆಯಲಿಲ್ಲ. ಟೀಚರ್ ಹೋದ ಎರಡು ನಿಮಿಷಕ್ಕೆ ಉಮ್ಮ ಒಳಗಿನಿಂದ ಊಟಕ್ಕೆ 'ಬಾ' ಎಂದು ಕರೆದರು.

ಈ 'ಬಾ' ಕೂಡ ನೋಡಿ. ಮಲಯಾಳಂ, ತಮಿಳಿನಲ್ಲಿ 'ವಾ'. ನಮ್ಮಲ್ಲಿ 'ವ' ಹೋಗಿ ಕನ್ನಡದ ಹಾಗೆ 'ಬ' ಆಗಿದೆ. ಬ್ಯಾರಿ ಮಲಯಾಳಂಗೆ ಹತ್ತಿರವಾದರೂ ತುಳು, ಕನ್ನಡದ ನೆಲದಲ್ಲಿ ಬೆಳೆದು ತನ್ನದೇ ದಾರಿ ಹಿಡಿದ ಭಾಷೆ. ಸುಶೀಲಾ ಪಿ. ಉಪಾಧ್ಯಾಯರಂಥ ವಿದ್ವಾಂಸರು ಅದನ್ನು ಅಧ್ಯಯನ ಮಾಡಿದರು. 2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು. 2011ರ ಸಿನಿಮಾ 'ಬ್ಯಾರಿ'ಗೆ ದೇಶದ ಅತ್ಯುತ್ತಮ ಕಥಾಚಿತ್ರ ಪ್ರಶಸ್ತಿ ಸಿಕ್ಕಿತು. 2020ರಲ್ಲಿ ಲಿಪಿಯೂ ಬಂತು. ಎಲ್ಲ ಇದೆ, ಪಟ್ಟಿಯಲ್ಲಿ ಹೆಸರು ಮಾತ್ರ ಇಲ್ಲ.

ಕಂಬಂನ ಅಜ್ಜನಿಗೆ ಕನ್ನಡದ ಒಂದಕ್ಷರ ಓದಲು ಬರುವುದಿಲ್ಲ. ಆದರೂ "ಮನೆಮಾತು ಯಾವುದು?" ಎಂದರೆ "ಕನ್ನಡ" ಎಂದು ತಡೆಯಿಲ್ಲದೆ ಹೇಳಿದರು. ಅವರಿಗೆ ಬೆನ್ನ ಹಿಂದೆ ಒಂದು ರಾಜ್ಯವೇ ಆಡುವ ಭಾಷೆಯಿದೆ ಎಂಬುದು ನಿಜ. ನಮಗೆ ಹಾಗಿಲ್ಲ. ಅದಕ್ಕೇ ನಾವು ಇನ್ನಷ್ಟು ಸ್ಪಷ್ಟವಾಗಿ ಹೇಳಬೇಕು. ಮುಂದಿನ ಜನಗಣತಿ 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ನಡೆಯಲಿದೆ. ಮಾತೃಭಾಷೆ ಎಂದರೆ ಜನಗಣತಿಯ ಅರ್ಥದಲ್ಲಿ ಚಿಕ್ಕಂದಿನಲ್ಲಿ ತಾಯಿ ನಮ್ಮ ಜೊತೆ ಆಡಿದ ಭಾಷೆ. ಶಾಲೆಯಲ್ಲಿ ಕಲಿತದ್ದಲ್ಲ, ಬೋರ್ಡಿನಲ್ಲಿ ಬರೆದದ್ದಲ್ಲ. ಕನ್ನಡವನ್ನು ಬಿಟ್ಟುಕೊಡುವ ಪ್ರಶ್ನೆ ಇಲ್ಲಿಲ್ಲ. ಗೊತ್ತಿರುವ ಬೇರೆ ಭಾಷೆ ಯಾವುದು ಎಂದೂ ಕೇಳುತ್ತಾರೆ, ಅಲ್ಲಿ ಕನ್ನಡ ಬರೆಸಬಹುದು.

ನಮ್ಮ ಉಪ್ಪ ಈಗ ಅಂಗಡಿಗೆ ದಿನಾ ಬರುವುದಿಲ್ಲ. ಬಂದರೆ ಕುರ್ಚಿಯಲ್ಲಿ ಕೂತು ಭರಣಿಗಳನ್ನು ನೋಡುತ್ತಾರೆ. ಬೋಡಿ ಎಲ್ಲಿದೆ ಎಂದು ಅವರಿಗೆ ಮೊಬೈಲಿನಲ್ಲಿ ತೋರಿಸಿದೆ. ಮಾರ್ಕಯನ್‌ಕೋಟ್ಟೈ, ಕಂಬಂ, ಸುರಂಗ, ದೇವರ ಆವು ಎಲ್ಲ ಹೇಳಿದೆ. ಪೂರಾ ಕೇಳಿದ ಮೇಲೆ ಅವರು ಕೇಳಿದ್ದು ಒಂದೇ: "ಆ ಟೀಚರ್ ಇನ್ನು ಯಾವಾಗ ಬರುತ್ತಾರೆ?"